ಬಾಸ್‌ಗೆ ಕೋವಿ ಹುಡುಕಿದ್ದು

ಸೆಕ್ರೆಟರಿ ಕೆಲಸ ಅಂದರೆ ಟೈಪ್ ಮಾಡುವುದು, ಫೋನ್ ಎತ್ತುವುದು, ಚಹಾಕ್ಕೆ ಹೇಳುವುದು, ಅಷ್ಟೇ ಅಂತ ಊರಲ್ಲಿ ನಮ್ಮ ಅತ್ತೆ ಈಗಲೂ ನಂಬಿದ್ದಾರೆ. ಹದಿನಾಲ್ಕು ವರ್ಷದಿಂದ ದುಬೈಯ ಜೆಬೆಲ್ ಅಲಿಯ ಒಂದು ಸಾಮಾನು ಸಾಗಿಸುವ ಕಂಪನಿಯಲ್ಲಿ ನಾನು ಅದೇ ಕೆಲಸದಲ್ಲಿದ್ದೇನೆ. ಎದೆ ಧಸಕ್ ಅನ್ನುವಂಥದ್ದು ಆಗದ ವರ್ಷ ಒಂದೂ ಇಲ್ಲ. ಬಾಸ್‌ನ ಗಿಡುಗಕ್ಕೆ ಪಾಸ್‌ಪೋರ್ಟ್ ಮಾಡಿಸಿದ್ದೇನೆ, ಒಂಟೆಗೆ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದಿದ್ದೇನೆ. ಆದರೆ ಕೋವಿಯ ವರ್ಷದಷ್ಟು ಗಾಬರಿ ಬಿದ್ದದ್ದು ಮೊದಲೂ ಇಲ್ಲ, ಆಮೇಲೂ ಇಲ್ಲ.

೧. ಬಿಗ್ ಗೇಮ್

ನಮ್ಮ ಬಾಸ್ ಇಲ್ಲಿನವರೇ, ಅರವತ್ತು ದಾಟಿದ ಹಿರಿಯರು. ನನ್ನನ್ನು 'ಬಿನ್ತಿ' ಅಂತ ಕರೆಯುತ್ತಾರೆ, ಮಗಳೇ ಅಂತ ಅರ್ಥ. ಒಂದು ಬೆಳಿಗ್ಗೆ ಯಾರ ಜೊತೆಗೋ ಫೋನಿನಲ್ಲಿ ಜಗಳಾಡುತ್ತಲೇ ನನ್ನ ಕಡೆ ತಿರುಗಿ, "ಬಿನ್ತಿ, ನನಗೊಂದು ರೈಫಲ್ ನೋಡು. ಕಡಿಮೆ ಬೆಲೆಯದ್ದು, ಎಲ್ಲದಕ್ಕೂ ಆಗುವಂಥದ್ದು. ಬಿಗ್ ಗೇಮ್‌ಗೆ. ಯಲ್ಲಾ, ಬೇಗ!" ಅಂದರು.

ನನ್ನ ಕಿವಿಗೆ ಬಿದ್ದದ್ದು 'ರಾಫಲ್', ಅಂದರೆ ಲಕ್ಕಿ ಡ್ರಾ. ದುಬೈಯಲ್ಲಿದ್ದವರಿಗೆ ಬೇರೆ ಎಂತ ಕೇಳಬೇಕು ಹೇಳಿ! ಮಾಲ್‌ಗೆ ಹೋದರೆ ರಾಫಲ್, ಪೆಟ್ರೋಲ್ ಹಾಕಿಸಿದರೆ ರಾಫಲ್, ಇಗರ್ಜಿಯ ಹಬ್ಬಕ್ಕೆ ಹೋದರೂ ರಾಫಲ್. ಬಿಗ್ ಗೇಮ್ ಅಂದರೆ ದೊಡ್ಡ ಬಹುಮಾನ ಇರಬೇಕು ಅಂದುಕೊಂಡೆ. ಊಟದ ಬಿಡುವಿನಲ್ಲಿ ಬಿಸಿಲಲ್ಲಿ ಓಡಿ ಹೋಗಿ ನಾಲ್ಕು ಕೂಪನ್ ತಂದೆ. ಒಂದಕ್ಕೆ ಕಾರು, ಒಂದಕ್ಕೆ ಚಿನ್ನ, ಒಂದಕ್ಕೆ ಫ್ರಿಡ್ಜು, ಒಂದಕ್ಕೆ ಮೆಕ್ಕಾಕ್ಕೆ ಉಮ್ರಾ ಯಾತ್ರೆ. ಎಲ್ಲದಕ್ಕೂ ಆಗಬೇಕು ಅಂದಿದ್ದರಲ್ಲ!

ಬಾಸ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. ಆಮೇಲೆ ನಿಧಾನಕ್ಕೆ ಕೇಳಿದರು: "ಬಿನ್ತಿ, ಆಫ್ರಿಕಾದಲ್ಲಿ ಕಾಡುಕೋಣ ನನ್ನ ಮೇಲೆ ನುಗ್ಗಿ ಬಂದರೆ, ನಾನು ಅದಕ್ಕೆ ಇದನ್ನು ತೋರಿಸುವುದಾ?"

೨. ದಪ್ಪ ಚರ್ಮ

ಬಿಗ್ ಗೇಮ್ ಅಂದರೆ ದೊಡ್ಡ ಪ್ರಾಣಿಗಳ ಬೇಟೆಯಂತೆ. ವಿಷಯ ಏನೆಂದರೆ, ಬಾಸ್‌ನ ಭಾವ ಪ್ರತಿ ವರ್ಷ ಆಫ್ರಿಕಾಕ್ಕೆ ಬೇಟೆಗೆ ಹೋಗುವವರು. ಹೋಗುವಾಗ ನಾಲ್ಕು ಕೋವಿ, ಬರುವಾಗ ನಲವತ್ತು ಕಥೆ. ಎಲ್ಲರ ಎದುರು "ನಿನಗೆ ಗೋಡೌನಿನ ಇಲಿ ಹೊಡೆಯಲೂ ಬರುವುದಿಲ್ಲ" ಅಂತ ಬಾಸ್‌ನನ್ನು ಹಂಗಿಸಿದ್ದರಂತೆ. ಬಾಸ್‌ಗೆ ಹಠ ಬಂದಿತ್ತು. ಒಂದೇ ಕೋವಿ, ಅದೂ ಸಾಧಾರಣ ಬೆಲೆಯದ್ದು, ಜಿಂಕೆಗೂ ಆಗಬೇಕು ಕೋಣಕ್ಕೂ ಆಗಬೇಕು. "ಲೈಸೆನ್ಸ್ ನನ್ನ ತಲೆನೋವು. ಯಾವ ಕೋವಿ ಅಂತ ಓದಿ ಹೇಳುವುದು ನಿನ್ನದು," ಅಂದರು.

ನನಗೆ ಕೋವಿ ಬಿಡಿ, ಊರಿನ ಚರ್ಚಿನ ಸಾಂತ್ ಮಾರಿ ಹಬ್ಬದ ಗರ್ನಾಲು ಪಟಾಕಿಗೂ ಕಿವಿ ಮುಚ್ಚಿಕೊಳ್ಳುವ ಅಭ್ಯಾಸ. ಆದರೂ ಕಂಪ್ಯೂಟರಿನಲ್ಲಿ ಹುಡುಕಲು ಕೂತೆ. 'ದಪ್ಪ ಚರ್ಮದ ಪ್ರಾಣಿಯನ್ನು ಒಂದೇ ಗುಂಡಿಗೆ ಮಲಗಿಸುವ ಅಗ್ಗದ ಕೋವಿ ಯಾವುದು?' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಹತ್ತು ನಿಮಿಷ ಆಗಿರಲಿಲ್ಲ, ನಮ್ಮ ಐಟಿ ವಿಭಾಗದವರೊಬ್ಬರು, ಧಾರವಾಡ ಕಡೆಯವರು, ಏದುಸಿರು ಬಿಡುತ್ತಾ ನನ್ನ ಮೇಜಿಗೆ ಬಂದರು. ಯಾರು ಎಂತ ಹುಡುಕಿದರೂ ಅವರ ಸ್ಕ್ರೀನಿನಲ್ಲಿ ಕಾಣುತ್ತದೆ.

"ಅಕ್ಕಾರ, ಮನ್ಯಾಗ ಎಲ್ಲಾ ಆರಾಮ ಅದ ಏನ್ರಿ?"

"ಆರಾಮ. ಯಾಕೆ?"

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ದಪ್ಪ ಚರ್ಮ ಅಂತ ಹುಡುಕೀರಿ... ನಮ್ಮ ಅಡ್ಮಿನ್ ಮ್ಯಾನೇಜರ್ ಏನ್ರಿ?"

ಅಯ್ಯೋ ದೇವರೇ, ಬಾಸ್‌ನ ಬೇಟೆಗೆ, ಕಾಡುಕೋಣಕ್ಕೆ ಅಂತ ಆಣೆ ಹಾಕಿ ಹೇಳಿದೆ. ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ, ನಿರಾಸೆಯೇ ಕಂಡಿತು. ಹೊರಟವರು ತಿರುಗಿ ಬಂದು ಹೇಳಿದರು: "ಇರ್ಲಿ ಬಿಡ್ರಿ. ಯಾವ ಗುಂಡು ಅಂತ ಗೊತ್ತಾದ ಮ್ಯಾಲೆ ನನಗೂ ಒಂದ್ ಮಾತು ಹೇಳ್ರಿ."

೩. ಜೂನ್ ಮೂವತ್ತು

ಓದಿ ಓದಿ ಎರಡು ಅಳತೆಯ ತೋಟೆ, ಅಂದರೆ ಗುಂಡು, ಆರಿಸಿದೆ. ಒಂದರ ಹೆಸರು ೩೦-೦೬, ಇನ್ನೊಂದರದ್ದು ೩೦೮. ಎರಡೂ ಜಿಂಕೆಯಂಥ ಪ್ರಾಣಿಗಳಿಗೆ ಚಂದ, ಕೋವಿಯೂ ದುಬಾರಿ ಅಲ್ಲ ಅಂತ ಎಲ್ಲರೂ ಬರೆದಿದ್ದರು. ಬಾಸ್‌ಗೆ ಇಮೇಲ್ ಮಾಡಿದೆ: 'ನಿಮ್ಮ ಬೇಟೆಗೆ ೩೦-೦೬ ಅಥವಾ ೩೦೮ ಒಳ್ಳೆಯದು.' ಅಭ್ಯಾಸಬಲದಿಂದ ಒಂದು ಪ್ರತಿ ಅಡ್ಮಿನ್ ಮ್ಯಾನೇಜರಿಗೂ ಹೋಯಿತು. ಹೌದು, ಆ ಮ್ಯಾನೇಜರಿಗೇ.

ಮರುದಿನ ಆಫೀಸಿನಲ್ಲಿ ಗಲಾಟೆ. ಜೂನ್ ಮೂವತ್ತರ ಬೋರ್ಡ್ ಮೀಟಿಂಗ್ ಖಲಾಸ್. ಡ್ರೈವರನ ರಜೆ ರದ್ದು. ಅವನು ನನ್ನ ಮೇಜಿನ ಎದುರು ಅಳುವ ಮುಖ ಮಾಡಿ ನಿಂತಿದ್ದ. ನಾನು ಮ್ಯಾನೇಜರ ಕ್ಯಾಬಿನ್ನಿಗೆ ಓಡಿದೆ.

"ಸರ್, ಅದು ತಾರೀಕಲ್ಲ! ಅದು ಗುಂಡು!"

ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿದರು. "ಗುಂಡೋ ಗಂಡಾಂತರವೋ, ಜೂನ್ ಮೂವತ್ತಕ್ಕೆ ಬೇಡ. ಶಾಲೆಗೆ ರಜೆ, ಟಿಕೆಟಿನ ಬೆಲೆಗೆ ಬೆಂಕಿ. ನೀವು ಬರೆದ ಇನ್ನೊಂದು ಉಂಟಲ್ಲ, ಮೂವತ್ತು ಎಂಟು. ಆಗಸ್ಟ್ ಮೂವತ್ತು. ಅದನ್ನೇ ಇಟ್ಟುಕೊಳ್ಳೋಣ."

೪. ಒದೆ

ಅಷ್ಟು ಓದಿದ್ದೂ ನೀರುಪಾಲಾಯಿತು. ಬಾಸ್ ನನ್ನನ್ನು ಅಬುಧಾಬಿಯ ಒಂದು ಬೇಟೆ ಸಾಮಾನಿನ ಅಂಗಡಿಗೆ ಕಳಿಸಿದರು. ಅಲ್ಲಿನ ಸೇಲ್ಸ್‌ಮನ್ ಎಳೆಎಳೆಯಾಗಿ ಬಿಡಿಸಿ ಹೇಳಿದ. "ಮೇಡಂ, ಇವೆರಡೂ ಜಿಂಕೆಗೆ ಸರಿ. ಕೋಣಕ್ಕೆ ಇಷ್ಟು ಸಣ್ಣ ಗುಂಡು ಹೊಡೆಯಲು ಅಲ್ಲಿನ ಕಾನೂನೇ ಬಿಡುವುದಿಲ್ಲ. ಎರಡಕ್ಕೂ ಒಂದೇ ಬೇಕಾದರೆ ಇದು, ತ್ರೀ ಸೆವೆಂಟಿಫೈವ್. ಮರದ ಹಿಡಿ, ಕೆತ್ತನೆ ಎಲ್ಲ ಬೇಡ ಅಂದರೆ ಈ ಪ್ಲಾಸ್ಟಿಕ್ ಹಿಡಿಯದ್ದು ಅಗ್ಗ. ಒಂದೇ ತೊಂದರೆ, ಹೊಡೆದವರ ಭುಜಕ್ಕೆ ಕುದುರೆ ಒದ್ದ ಹಾಗೆ ಒದೆಯುತ್ತದೆ."

ನನಗೆ ಹೆದರಿಕೆಯಾಯಿತು. ಅರವತ್ತು ದಾಟಿದ ಮನುಷ್ಯ, ಭುಜ ಕಳಚಿದರೆ ನನ್ನ ವೀಸಾದ ಗತಿ ಏನು? ಅಷ್ಟರಲ್ಲೇ ಫೋನ್ ಬಂತು. ಬಾಸ್‌ನ ಹೆಂಡತಿ! ಹದಿನಾಲ್ಕು ವರ್ಷದಲ್ಲಿ ಅವರು ನನಗೆ ಫೋನ್ ಮಾಡಿದ್ದು ಅದೇ ಮೊದಲು.

"ಬಿನ್ತಿ, ಅಂಗಡಿಯಲ್ಲಿ ಇದ್ದೀಯಾ? ಒದೆಯುವ ಕೋವಿ ಅಂತ ಒಂದು ಇರುತ್ತದಂತೆ, ನಿಜವಾ?"

"ನಿಜ ಮೇಡಂ. ಅದು ಬೇಡ ಅಂತ ನಾನೂ..."

"ಅದನ್ನೇ ಆರಿಸು," ಅಂದರು ಅವರು ಶಾಂತವಾಗಿ. "ಒಂದು ಸಲ ಸರಿಯಾಗಿ ಒದ್ದರೆ ಮನೆಗೆ ಬರುತ್ತಾರೆ."

೫. ಮಬ್ರೂಕ್

ಲೈಸೆನ್ಸ್ ಬಂತು, ಕೋವಿ ಬಂತು. ಬಾಸ್ ವಾರಕ್ಕೆರಡು ದಿನ ಶೂಟಿಂಗ್ ಕ್ಲಬ್ಬಿಗೆ ಹೋಗಿ ಭುಜ ಊದಿಸಿಕೊಂಡು ಬಂದರು. ಕೊನೆಗೆ ಭಾವನ ಜೊತೆ ವಿಮಾನ ಹತ್ತಿಯೂ ಆಯಿತು. ನಾನು ಮಾತ್ರ ದಿನಾ ರೋಸರಿ ಹಿಡಿದುಕೊಂಡೇ ಕಂಪನಿ ಬಸ್ಸಿನಲ್ಲಿ ಕೂರುತ್ತಿದ್ದೆ. ಏನಾದರೂ ಎಡವಟ್ಟಾದರೆ ಕೋವಿ ಆರಿಸಿದವಳು ನಾನು ತಾನೆ!

ನಾಲ್ಕನೇ ದಿನ ಬೆಳಿಗ್ಗೆ ಬಾಸ್‌ನಿಂದ ಮೆಸೇಜ್ ಬಂತು: 'ಒಂದೇ ಗುಂಡು. ಎರಡು ಟನ್. ನಿಂತಲ್ಲೇ ಖಲಾಸ್.'

ನಾನು ಕುರ್ಚಿಯಿಂದ ಎದ್ದು ಕೂಗಿಬಿಟ್ಟೆ. ಸುದ್ದಿ ಗೋಡೌನ್ ತನಕ ಹೋಯಿತು. ಎರಡು ಟನ್ನಿನ ಕೋಣ ಲೋಕದಲ್ಲಿ ಉಂಟಾ ಅಂತ ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಮ್ಯಾನೇಜರು ಕೇಕಿಗೆ ಹೇಳಿದರು. ಕೋಣದ ಚಿತ್ರ ಬರೆಯಿರಿ ಅಂದದ್ದಕ್ಕೆ ಬೇಕರಿಯವರು ಹಾಲು ಪ್ಯಾಕೆಟಿನ ದನ ಬರೆದು ಕಳಿಸಿದ್ದರು. ನಲವತ್ತು ಜನ ಮೀಟಿಂಗ್ ರೂಮಿನಲ್ಲಿ ಸೇರಿದರು. "ನಾನು ಕೈ ಎತ್ತಿದಾಗ ಎಲ್ಲರೂ ಒಟ್ಟಿಗೆ ಮಬ್ರೂಕ್ ಸರ್ ಅನ್ನಬೇಕು," ಅಂತ ಮ್ಯಾನೇಜರು ಮೂರು ಸಲ ಅಭಿನಂದನೆಯ ಪ್ರಾಕ್ಟೀಸ್ ಮಾಡಿಸಿದರು. ನನ್ನ ಫೋನನ್ನು ಗೋಡೆಯ ದೊಡ್ಡ ಟಿವಿಗೆ ಜೋಡಿಸಿ ಬಾಸ್‌ಗೆ ವೀಡಿಯೊ ಕಾಲ್ ಮಾಡಿದೆವು. ಫೋನ್ ನನ್ನ ಕೈಯಲ್ಲೇ ಇತ್ತು. ಹಾಗಾಗಿ ಬಾಸ್‌ಗೆ ಕಾಣುತ್ತಿದ್ದದ್ದು ನನ್ನ ಮುಖ ಮಾತ್ರ.

ಗೋಡೆಯಗಲ ಬಾಸ್‌ನ ಮುಖ ಬಂತು. ಹುಬ್ಬಿನ ಮೇಲೆ ಬ್ಯಾಂಡೇಜು.

"ಸರ್, ಪ್ರಾಣಿಯನ್ನು ತೋರಿಸಿ!" ಅಂದೆ ನಾನು ಉಬ್ಬಿ ಹೋಗಿ.

ಬಾಸ್ ಕ್ಯಾಮೆರಾ ತಿರುಗಿಸಿದರು. ಹುಲ್ಲುಗಾವಲಿನ ನಡುವೆ ಬಿಳಿ ಬಣ್ಣದ ಪಿಕಪ್ ಗಾಡಿ. ಬಾನೆಟ್ಟಿನಲ್ಲಿ ಒಂದು ತೂತು. ಇಂಜಿನ್ನಿನಿಂದ ಹೊಗೆ, ಕೆಳಗೆ ಎಣ್ಣೆಯ ಹಳ್ಳ. ಪಕ್ಕದಲ್ಲಿ ಬೇಟೆಯ ಗೈಡ್ ತಲೆ ಮೇಲೆ ಕೈ ಹೊತ್ತು ಕೂತಿದ್ದ. ದೂರದಲ್ಲಿ ಕೋಣ ಆರಾಮವಾಗಿ ಮೇಯುತ್ತಿತ್ತು.

ನಲವತ್ತು ಜನ ಟಿವಿ ಬಿಟ್ಟು ಮ್ಯಾನೇಜರ ಕೈ ನೋಡತೊಡಗಿದರು.

"ಬಾನೆಟ್ ಮೇಲೆ ಕೋವಿ ಊರಿದ್ದೆ," ಅಂದರು ಬಾಸ್ ಮೆಲ್ಲಗೆ. "ಕೋವಿಯ ಮೇಲಿನ ದುರ್ಬೀನಿನಲ್ಲಿ ಕೋಣ ಚೆನ್ನಾಗಿ ಕಾಣುತ್ತಿತ್ತು. ಕೆಳಗೆ ನಳಿಕೆಯ ಮುಂದೆ ಬಾನೆಟ್ ಇದ್ದದ್ದು ಕಾಣಲಿಲ್ಲ. ಒದೆಗೆ ದುರ್ಬೀನು ಹುಬ್ಬಿಗೆ ಬಡಿಯಿತು. ಭಾವ ಕ್ಯಾಂಪಿನಲ್ಲಿ ಮಲಗಿದ್ದಾನೆ, ಅವನಿಗೆ ಗೊತ್ತಿಲ್ಲ. ನೀನು ನನ್ನ ಮಗಳ ಹಾಗೆ, ಅದಕ್ಕೆ ನಿನಗೊಬ್ಬಳಿಗೆ ಹೇಳುತ್ತಿದ್ದೇನೆ. ಆಫೀಸಿನಲ್ಲಿ ಒಬ್ಬನಿಗೂ ತಿಳಿಯಬಾರದು. ನೀನು ಒಬ್ಬಳೇ ಇದ್ದೀ ತಾನೆ?"

ನಾನು ಫೋನ್ ಕಟ್ ಮಾಡಲು ಬಟನ್ ಹುಡುಕಿದೆ. ಅಷ್ಟರಲ್ಲಿ ಮ್ಯಾನೇಜರು, ಗಾಬರಿಯಲ್ಲಿ, ಬೆವರು ಒರೆಸಿಕೊಳ್ಳಲು ಕೈ ಎತ್ತಿದರು.

ನಲವತ್ತು ಜನ ಒಂದೇ ಸ್ವರದಲ್ಲಿ ಕೂಗಿದರು: "ಮಬ್ರೂಕ್ ಸರ್!"