ದಪ್ಪ ದನಿ ತಗ್ಗಿಸುವ ಮಷೀನು

ಚಹಾದಲ್ಲಿ ಸಕ್ಕರೆ ಇರಲಿಲ್ಲ. ಯಾವ ಕಡೆ ತಿರುಗಿದರೂ ಕಬ್ಬೇ ಕಾಣುವ ಶಿರಗುಪ್ಪಿಯಲ್ಲಿ, ಸ್ವಂತ ಹೊಲದ ಕಬ್ಬನ್ನು ಹಿಂದಿನ ದಿನವಷ್ಟೇ ಕಾರ್ಖಾನೆಗೆ ಕಳಿಸಿದ್ದ ಮುರಗೆಪ್ಪನಿಗೆ ಇದು ದೊಡ್ಡ ಅವಮಾನವೆನಿಸಿತು.

"ಏ ಸೋನಾ, ಚಾದಾಗ ಸಕ್ಕರಿ ಇಲ್ಲ" ಎಂದು ಕಟ್ಟೆಯ ಮೇಲಿಂದಲೇ ಕೂಗಿದ.

ಅಡುಗೆಮನೆಯಿಂದ ಹೆಂಡತಿ ಸೋನಾಬಾಯಿ ಉತ್ತರಿಸಿದಳು: "ಭಕ್ಕರಿ ಇನ್ನೂ ಬಡದಿಲ್ರಿ. ಈಗ ಹಿಟ್ಟು ನಾದಾಕತ್ತೀನಿ."

"ಭಕ್ಕರಿ ಅಲ್ಲ ಮಾರಾಯ್ತಿ, ಸಕ್ಕರಿ! ಸಕ್ಕರಿ!"

"ತಡೀರಿ ಅಂದ್ನೆಲ್ಲ. ಮುಂಜಮುಂಜಾನೆ ಭಕ್ಕರಿ ಭಕ್ಕರಿ ಅಂತ ಏನ್ ಹಸಿವ್ರೀ ನಿಮಗ!"

ಮುರಗೆಪ್ಪನ ದನಿ ಮೊದಲೇ ಸಣ್ಣದು. ಸಿಟ್ಟು ಬಂದರಂತೂ ಎಣ್ಣೆ ಕಾಣದ ಬಾವಿಯ ಗಾಲಿಯಂತೆ ಕಿರಗುಟ್ಟುತ್ತಿತ್ತು. ಅವನು ಮತ್ತೊಮ್ಮೆ ಕಿರಗುಟ್ಟಲು ಬಾಯಿ ತೆರೆಯುವಷ್ಟರಲ್ಲಿ, ನಡುಗೋಡೆಯ ಆಚೆಯಿಂದ ಗುಡುಗಿನಂಥ ದನಿಯೊಂದು ಉರುಳಿಕೊಂಡು ಬಂತು.

"ವೈನಿ, ಮುರಗೆಪ್ಪಗ ಚಾಕ್ಕ ಸಕ್ಕರಿ ಬೇಕಂತ್ರಿ!"

"ಅಯ್ಯ, ಹೌದೇನ್ರಿ ಗಂಗಾರಾಮಣ್ಣಾ! ಮರತೇಬಿಟ್ಟೆ ನೋಡ್ರಿ" ಎಂದು ಸೋನಾಬಾಯಿ ಸಕ್ಕರೆ ಡಬ್ಬಿ ಹಿಡಿದುಕೊಂಡು ನಗುನಗುತ್ತ ಹೊರಗೆ ಬಂದಳು.

ಮುರಗೆಪ್ಪ ಆ ಚಹಾ ಕುಡಿದ. ಸಕ್ಕರೆ ಬಿದ್ದಿತ್ತು, ಆದರೂ ಬಾಯಿಗೆ ಬೇವಿನ ರಸ ಹೊಯ್ದಂತಾಯಿತು.

ಪಕ್ಕದ ಮನೆಯ ಗಂಗಾರಾಮ ಸುತ್ತಲಿನ ಹಳ್ಳಿಗಳ ಎತ್ತಿನಗಾಡಿ ಓಟದ ಶರ್ಯತ್ತಿನಲ್ಲಿ ಮೈಕು ಹಿಡಿದು ಕೂಗುತ್ತಿದ್ದವನು. ಮೈಕು ಕೆಟ್ಟರೂ ಶರ್ಯತ್ತು ನಿಲ್ಲುತ್ತಿರಲಿಲ್ಲ, ಅಂಥ ದನಿ. ಮನೆಯೊಳಗೆ ಮಾತ್ರ ಅವನ ಹೆಂಡತಿ ಅಕ್ಕುತಾಯಿ ಅವನಿಗೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ಹೀಗಾಗಿ ಒಳಗೆ ಆಡದೆ ಉಳಿದ ಮಾತೆಲ್ಲ ಗೋಡೆ ಹಾರಿ ಈಚೆಗೆ ಬೀಳುತ್ತಿತ್ತು. ಯಾರ ದ್ರಾಕ್ಷಿ ಒಣಗಿತು, ಯಾರ ಎಮ್ಮೆ ಕಳೆದು ಸಿಕ್ಕಿತು, ಕುಡಚಿ ಸ್ಟೇಷನ್ನಿನಲ್ಲಿ ಯಾರು ತಪ್ಪು ರೈಲು ಹತ್ತಿದರು, ಎಲ್ಲವನ್ನೂ ಅವನು ಸೋನಾಬಾಯಿಗೆ ಹೇಳುತ್ತಿದ್ದ. ಆಕೆ ಹೊಟ್ಟೆ ಹಿಡಿದು ನಗುತ್ತಿದ್ದಳು.

ಈಚಿನ ವರ್ಷಗಳಲ್ಲಿ ಆಕೆಯ ಕಿವಿ ಮಂದವಾಗಿತ್ತು. ಕುಕ್ಕರಿನ ಸೀಟಿ ಕೇಳುತ್ತಿರಲಿಲ್ಲ, ಫೋನು ಕೇಳುತ್ತಿರಲಿಲ್ಲ, ಗಂಡನ ಮಾತು ಕೇಳುತ್ತಿರಲಿಲ್ಲ. ಗಂಗಾರಾಮನ ಮಾತು ಮಾತ್ರ ಒಂದಕ್ಷರ ಬಿಡದೆ ಕೇಳುತ್ತಿತ್ತು. ಅವನು ಆಕೆಯನ್ನು ಅತ್ತಿಗೆಯೆಂದು 'ವೈನಿ', ಆಕೆ ಅವನನ್ನು 'ಅಣ್ಣ' ಎನ್ನುತ್ತಿದ್ದರು ನಿಜ, ಅದರಿಂದ ಮುರಗೆಪ್ಪನಿಗೆ ಯಾವ ಸಮಾಧಾನವೂ ಆಗುತ್ತಿರಲಿಲ್ಲ. ತಾನು ತಾಳಿ ಕಟ್ಟಿದವನು ಒದರಿ ಒದರಿ ಗಂಟಲು ಹರಿದುಕೊಳ್ಳಬೇಕು, ಅವನು ಗೋಡೆಯಾಚೆ ಕೆಮ್ಮಿದರೂ ಈಕೆ 'ಏನ್ರಿ ಅಣ್ಣಾ' ಎನ್ನಬೇಕು! ಇದಕ್ಕೊಂದು ಕೊನೆ ಕಾಣಿಸಲೇಬೇಕೆಂದು ಅವನು ಲೋಟ ಕೆಳಗಿಟ್ಟ.

"ಸೋನಾ, ತಯಾರಾಗು. ಚಿಕ್ಕೋಡಿಗೆ ಹೋಗೂನು. ಕಿವಿಗೆ ಮಷೀನ್ ಕೊಡಸ್ತೀನಿ" ಎಂದು ಕಿವಿ ಮುಟ್ಟಿ ತೋರಿಸಿದ.

ಸೋನಾಬಾಯಿಯ ಮುಖ ಅರಳಿತು. ಒಳಗೆ ಹೋದವಳು ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟು, ಮುಡಿಯ ತುಂಬ ಅಬ್ಬಲಿಗೆ ಮುಡಿದು ಬಂದಳು. ಮಷೀನಿಗೆ ಇಷ್ಟೊಂದು ಸಿಂಗಾರವೇ ಎಂದುಕೊಂಡರೂ ಮುರಗೆಪ್ಪನಿಗೆ ಒಳಗೊಳಗೇ ಹಿತವಾಯಿತು. ಬಸ್ ನಿಲ್ಲುವಲ್ಲಿ ಕಿರಾಣಿ ಅಂಗಡಿಯ ನೇಮಿನಾಥ ಕೇಳಿದಾಗ ಗುಟ್ಟು ಹೊರಬಿತ್ತು.

"ಎಲ್ಲಿಗೆ ಹೊಂಟೀರಿ, ಸೋನಾಬಾಯಿ?"

"ಚಿಕ್ಕೋಡಿಗ್ರಿ. ಇವರು ನನಗ ಝುಮಕಿ ಕೊಡಸಾಕತ್ತಾರ!"

ಮುರಗೆಪ್ಪ ಕೈ ಬಾಯಿ ಆಡಿಸಿ 'ಝುಮಕಿ ಅಲ್ಲ, ಮಷೀನು' ಎಂದು ಎಷ್ಟು ಹೇಳಿದರೂ ಆಕೆಗೆ ತಿಳಿಯಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಅದೇ ಗುಡುಗು: "ವೈನಿ, ಝುಮಕಿ ಅಲ್ರಿ! ಮಾತು ಕೇಳೂ ಮಷೀನು!"

ಗಂಗಾರಾಮ ಬಿಳಿ ಟೊಪ್ಪಿಗೆ ಹಾಕಿಕೊಂಡು, ಕೈಚೀಲ ಹಿಡಿದು ನಿಂತಿದ್ದ.

"ನೀ ಎಲ್ಲಿಗೆ ಹೊಂಟೀಯೋ?" ಎಂದ ಮುರಗೆಪ್ಪ.

"ಚಿಕ್ಕೋಡಿಗೆ."

"ಅಲ್ಲಿ ಏನ್ ಕೆಲಸ?"

"ನಿಮ್ಮ ಕೆಲಸಾನ! ಇಂಥಾ ಸಾಮಾನು ಆರಿಸೂದು ಒಬ್ಬರ ಕೈಲಿ ಆಗೂದಲ್ಲ."

ನೇಮಿನಾಥನೂ ಸುಮ್ಮನಿರಲಿಲ್ಲ. "ಕಿವಿ ಒಳಗ ಹೊಕ್ಕೊಳ್ಳೂ ಸಣ್ಣದ್ ಮಾತ್ರ ತಗೋಬ್ಯಾಡ್ರಿ. ನಮ್ಮತ್ತೀದು ಹಿಟ್ಟಿನಾಗ ಬಿತ್ತು. ಭಕ್ಕರಿ ಜತಿ ಬೆಂದು ನನ್ನ ತಾಟಿಗೆ ಬಂತು!" ಎಂದು ಬಸ್ಸು ಹೊರಟರೂ ಕಿಟಕಿಯ ಜತೆಗೇ ನಡೆಯುತ್ತ ಎಚ್ಚರಿಸಿದ.

ಬಸ್ಸಿನಲ್ಲಿ ಮುರಗೆಪ್ಪ ಹೆಂಡತಿಯ ಪಕ್ಕದ ಸೀಟನ್ನು ಚೀಲ, ಛತ್ರಿ, ಮೊಣಕೈ ಎಲ್ಲವನ್ನೂ ಚಾಚಿ ಹಿಡಿದುಕೊಂಡ. ಗಂಗಾರಾಮ ಹಿಂದಿನ ಸೀಟಿನಲ್ಲಿ ಕುಳಿತ. ಬಸ್ಸಿನ ಗಡಗಡ ಸದ್ದಿನಲ್ಲಿ ಮುರಗೆಪ್ಪನ ಮಾತು ಅವನ ಕಿವಿಗೇ ಕೇಳಿಸದು. ಹಿಂದಿನವನು ಮಾತ್ರ ಕೃಷ್ಣೆಯ ಸೇತುವೆಯಿಂದ ಹಿಡಿದು ರಸ್ತೆಗೆ ಅಡ್ಡ ಬಂದ ಕುರಿಹಿಂಡಿನವರೆಗೆ ಎಲ್ಲವನ್ನೂ ಶರ್ಯತ್ತಿನಂತೆ ಬಣ್ಣಿಸುತ್ತ ಬಂದ. ಸೋನಾಬಾಯಿ ನಗುವ ಭರಕ್ಕೆ ಅಬ್ಬಲಿಗೆ ಉದುರಿ ಮುರಗೆಪ್ಪನ ಮಡಿಲಲ್ಲಿ ಬಿತ್ತು. ಅವನು ಅದನ್ನು ಆರಿಸಿ ಆರಿಸಿ ಕಿಟಕಿಯಾಚೆ ಎಸೆದ.

ಚಿಕ್ಕೋಡಿಯ ಅಂಗಡಿಯಲ್ಲಿ ಕಿವಿ ಪರೀಕ್ಷೆ ಮಾಡುವವಳು ಸ್ನೇಹಲ ಎಂಬ ಹುಡುಗಿ. ಸೋನಾಬಾಯಿಯನ್ನು ಗಾಜಿನ ಕೋಣೆಯಲ್ಲಿ ಕೂಡಿಸಿ, ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದಳು. ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಗೆರೆಯೊಂದನ್ನು ತೋರಿಸಿದಳು. ಅದು ಅರ್ಧ ದಾರಿ ನೆಟ್ಟಗೆ ಹೋಗಿ ಆಮೇಲೆ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು.

"ಇವರಿಗೆ ದಪ್ಪ ದನಿ ಛಲೋ ಕೇಳ್ತೈತ್ರಿ. ಸಣ್ಣ ದನಿ ಅಷ್ಟ ಕೇಳೂದಿಲ್ಲ. ಗುಬ್ಬಿ ದನಿ, ಕುಕ್ಕರ್ ಸೀಟಿ, ಆಮ್ಯಾಲ..." ಎಂದು ಸ್ನೇಹಲ ತುಸು ತಡವರಿಸಿದಳು, "ನಿಮ್ಮಂಥವರ ದನಿ."

ಮುರಗೆಪ್ಪನಿಗೆ ಅರ್ಧ ಜೀವ ಬಂದಂತಾಯಿತು. ಹೆಂಡತಿಯ ಮನಸ್ಸಿನಲ್ಲಿ ದೋಷವಿಲ್ಲ, ಕಿವಿಯಲ್ಲಷ್ಟೇ ಇದೆ. ಆದರೆ ತನ್ನನ್ನು ಗುಬ್ಬಿ, ಕುಕ್ಕರುಗಳ ಸಾಲಿನಲ್ಲಿ ನಿಲ್ಲಿಸಿದ್ದು ಉಳಿದರ್ಧ ಜೀವಕ್ಕೆ ಚುಚ್ಚಿತು.

ಸ್ನೇಹಲ ಮೇಜಿನ ಮೇಲೆ ಮಷೀನುಗಳನ್ನು ಹರಡಿದಳು. ಕಡಲೆಕಾಳಿನಷ್ಟು ಸಣ್ಣದು ಸೋನಾಬಾಯಿಗೆ ಕಚಗುಳಿ ಇಟ್ಟಿತು. ದಪ್ಪನೆಯದು ಕನ್ನಡಕದ ಕಡ್ಡಿಗೆ ತೊಡರಿ ಕೆಳಗೆ ಬಿತ್ತು. ಒಂದೊಂದನ್ನು ಹಾಕಿದಾಗಲೂ ಯಾರಾದರೂ ಮಾತಾಡಿ ನೋಡಬೇಕಿತ್ತು. ಮುರಗೆಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗಂಗಾರಾಮ ಮುಂದೆ ಬಂದು, "ವೈನಿ, ಹೆಂಗ್ ಕೇಳ್ತೈತ್ರಿ?" ಎಂದು ಗುಡುಗುತ್ತಿದ್ದ. ಹೊರಗೆ ಕುಳಿತಿದ್ದ ಕಿವುಡರೂ "ಕೇಳ್ತೈತ್ರಿ" ಎಂದರು.

"ಈಗ ಯಜಮಾನ್ರು ಮಾತಾಡ್ಲಿ" ಎಂದಳು ಸ್ನೇಹಲ, ಕಿವಿಯ ಹಿಂದೆ ಕೂತು ಸಣ್ಣ ಎಳೆಯಿಂದ ಒಳಗಿಳಿಯುವ ಮಷೀನೊಂದನ್ನು ಹಾಕಿ.

ವರ್ಷಗಟ್ಟಲೆ ಒದರಿದವನು ಈ ಸಲ ಮೆಲ್ಲಗೆ, "ಸೋನಾ, ದಣಿದೇನು?" ಎಂದ.

ಸೋನಾಬಾಯಿ ಥಟ್ಟನೆ ತಿರುಗಿದಳು. ಅವನ ತುಟಿಯನ್ನಲ್ಲ, ಕಣ್ಣನ್ನು ನೋಡಿದಳು.

"ಇಲ್ರಿ, ದಣಿದಿಲ್ಲ" ಎಂದು ಕಿವಿಯ ಮಷೀನು ಮುಟ್ಟಿಕೊಂಡು, "ನಿಮ್ಮ ದನಿ ಹಿಂಗ ಇತ್ತಲ್ರಿ... ಮರತಿದ್ದೆ. ಇನ್ನೊಮ್ಮೆ ಏನರ ಅನ್ರಿ" ಎಂದಳು.

ಮುರಗೆಪ್ಪ ಅಷ್ಟಕ್ಕೇ ಮಷೀನು ಕಟ್ಟಿಸಿಕೊಂಡು ಊರಿಗೆ ಹೊರಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಗಂಗಾರಾಮ ಚಪ್ಪಾಳೆ ತಟ್ಟಿದ.

"ಬರೋಬರ್ ಆತು ವೈನಿ! ಇನ್ನ ನನ್ನ ಮಾತು ನಿಮಗ ಡಬಲ್ ಕೇಳ್ತೈತಿ!"

ಡಬಲ್! ಮುರಗೆಪ್ಪ ಕೂಡಲೇ ಗಂಗಾರಾಮನನ್ನು ಚಹಾ ತರಲು ಅಟ್ಟಿದ. ಸೋನಾಬಾಯಿ ಕನ್ನಡಿಯ ಮುಂದೆ ಕಿವಿ ನೋಡಿಕೊಳ್ಳಲು ಎದ್ದದ್ದೇ ತಡ, ಸ್ನೇಹಲಳ ಕಡೆ ಬಾಗಿದ.

"ಅಕ್ಕಾರ, ಇದರಾಗ ದಪ್ಪ ದನಿ ಕಡಿಮಿ ಮಾಡಾಕ ಬರ್ತೈತೇನ್ರಿ?"

"ಬರ್ತೈತ್ರಿ. ಯಾಕ್ರಿ?"

"ನಮ್ಮ ಮನಿ ಮುಂದ ಕಬ್ಬಿನ ಟ್ರ್ಯಾಕ್ಟರ್ ಸಾಲುಗಟ್ಟಿ ಹೊಕ್ಕಾವ್ರಿ. ಆ ಸಪ್ಪಳಕ್ಕ ಆಕೀಗ ಭಾಳ ತ್ರಾಸು" ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ.

"ಕಿವಿ ಪೂರ್ತಿ ಮುಚ್ಚೂ ರಬ್ಬರ್ ಹಾಕಿ ಕಡಿಮಿ ಮಾಡ್ತೀನಿ. ಆದ್ರ ದಪ್ಪ ದನಿ ಮಂದಿ ದೂರ ನಿಂತು ಮಾತಾಡಿದ್ರ ಕೇಳೂದಿಲ್ಲ ಮತ್ತ. ನಡೀತೈತೇನ್ರಿ?"

"ನಡೀತೈತ್ರಿ! ಓಡ್ತೈತಿ!"

ಊರಿಗೆ ಬರುವ ಬಸ್ಸು ಕಿಕ್ಕಿರಿದಿತ್ತು. ಗಂಗಾರಾಮ ಬಾಗಿಲಲ್ಲೇ ಜೋತುಬಿದ್ದ. ಮುರಗೆಪ್ಪ ದಾರಿಯುದ್ದಕ್ಕೂ ಹೆಂಡತಿಯ ಕಿವಿಯಲ್ಲಿ ಸಣ್ಣಗೆ ಏನೇನೋ ಹೇಳುತ್ತ ಬಂದ. ಆಕೆ ಎಲ್ಲದಕ್ಕೂ ಸರಿಯಾದ ಉತ್ತರ ಕೊಟ್ಟಳು. ಹೊಸದಾಗಿ ಮದುವೆಯಾದವರೇನೋ ಎಂಬಂತೆ ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಹೊತ್ತು ಇಳಿದ ಮೇಲೆ ಗಂಡಹೆಂಡತಿ ಕಟ್ಟೆಯ ಮೇಲೆ ಕುಳಿತಿದ್ದರು. ಗೋಡೆಯ ಮೇಲೆ ಬಿಳಿ ಟೊಪ್ಪಿಗೆ ಕಾಣಿಸಿತು.

"ವೈನಿ! ಆ ಬಸ್ಸಿನ್ಯಾಗ ಏನಾತು ಗೊತ್ತೇನ್ರಿ?"

ಸೋನಾಬಾಯಿ ಅವರೆಕಾಯಿ ಸುಲಿಯುತ್ತಲೇ ಇದ್ದಳು.

"ವೈನೀ!" ಈ ಸಲ ಕೊಟ್ಟಿಗೆಯ ಎಮ್ಮೆ ಎದ್ದು ನಿಂತಿತು. ಬೀದಿಯ ಕೊನೆಯಲ್ಲಿ ಹೋಗುತ್ತಿದ್ದವನು ಸೈಕಲ್ ನಿಲ್ಲಿಸಿದ.

ಸೋನಾಬಾಯಿ ತಲೆ ಎತ್ತಿ ನೋಡಿ ಗಂಡನನ್ನು ಕೇಳಿದಳು: "ರೀ, ಗಂಗಾರಾಮಣ್ಣ ಯಾಕ ಸುಮ್ಮನ ಬಾಯಿ ಅಲ್ಲಾಡಸಾಕತ್ತಾನ?"

ಆ ಮಾತು ಕೇಳಿ ಮುರಗೆಪ್ಪನಿಗೆ ಆದ ಸುಖ ಇಷ್ಟೆಂದು ಹೇಳಲಾಗದು. ಕಬ್ಬಿಗೆ ಕೇಳಿದಷ್ಟು ರೇಟು ಕೊಟ್ಟಿದ್ದರೂ ಅವನು ಅಷ್ಟು ಹಿಗ್ಗುತ್ತಿರಲಿಲ್ಲ. "ಯಾರಿಗೊತ್ತು ಬಿಡು, ಹುಚ್ಚ" ಎಂದು ಅವರೆಕಾಯಿಗೆ ತಾನೂ ಕೈ ಹಾಕಿದ.

ಗೋಡೆಯಾಚೆ ಅಕ್ಕುತಾಯಿ ಹೊರಗೆ ಬಂದ ಸದ್ದಾಯಿತು.

"ಏನ್ ಒದರಾಕತ್ತೀರಿ?"

"ವೈನಿಗೆ ನನ್ನ ಮಾತು ಕೇಳವಲ್ದು" ಎಂದ ಗಂಗಾರಾಮ ಅಳುಮೋರೆಯಲ್ಲಿ.

"ಅದು ಹೊಸಾ ಮಷೀನು. ಗ್ವಾಡಿ ಮ್ಯಾಲಿಂದ ಒದರಿದ್ರ ಹೆಂಗ್ ಕೇಳಬೇಕು? ಹೋಗಿ ಬಾಜೂಕ ಕುಂತು, ಕಿವ್ಯಾಗ ಸಾವಕಾಶ ಹೇಳ್ರಿ. ನನ್ನ ತಲಿ ಮಾತ್ರ ತಿನಬ್ಯಾಡ್ರಿ!"

ಇಷ್ಟು ವರ್ಷ ಗೋಡೆ ದಾಟದಿದ್ದ ಗಂಗಾರಾಮ ಸುತ್ತು ಹಾಕಿ, ಬಾಗಿಲು ತೆರೆದು, ಚಪ್ಪಲಿ ಬಿಟ್ಟು ಕಟ್ಟೆಯ ಹತ್ತಿರ ಬಂದು ನಿಂತ.

"ರೀ, ತುಸು ಆಕಡೆ ಸರೀರಿ, ಅಣ್ಣಗ ಜಾಗಾ ಮಾಡ್ರಿ" ಎಂದಳು ಸೋನಾಬಾಯಿ.

ಮುರಗೆಪ್ಪ ಸರಿದ. ಗಂಗಾರಾಮ ನಡುವೆ ಕುಳಿತು ಮಷೀನಿನ ಹತ್ತಿರ ಬಾಯಿ ತಂದು ಗುಟ್ಟು ಹೇಳುವವನಂತೆ ಮಾತಾಡತೊಡಗಿದ. ಇದುವರೆಗೆ ಅವನು ಆಡಿದ್ದನ್ನು ಓಣಿಯೆಲ್ಲ ಕೇಳುತ್ತಿತ್ತು, ಮುರಗೆಪ್ಪನೂ ಕೇಳುತ್ತಿದ್ದ. ಈಗ ಗುಸುಗುಸು ಬಿಟ್ಟರೆ ಅವನಿಗೇನೂ ತಿಳಿಯಲಿಲ್ಲ. ಸೋನಾಬಾಯಿ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ಏನಂದ?" ಎಂದು ಮುರಗೆಪ್ಪ ಕುತ್ತಿಗೆ ಚಾಚಿದ.

ಮತ್ತೆ ಗುಸುಗುಸು. ಮತ್ತೆ ನಗು.

"ಏ, ಏನಂದ ಅಂತ?"

ಸೋನಾಬಾಯಿ ನಗು ನಿಲ್ಲಿಸಿ, ಗಂಗಾರಾಮನ ಭುಜದ ಆಚೆಯಿಂದ ಬಗ್ಗಿ, ಗಂಡನ ಮುಖವನ್ನು ಮರುಕದಿಂದ ನೋಡಿದಳು.

"ಅಯ್ಯ, ಬಾಜೂಕ ಕುಂತ್ರೂ ಕೇಳಸ್ಲಿಲ್ಲೇನ್ರಿ? ನಿಮ್ಮ ಕಿವೀನೂ ಹೋದ್ವೇನು! ಚಿಂತಿ ಮಾಡಬ್ಯಾಡ್ರಿ, ನಾಳಿ ನಿಮಗೂ ಒಂದು ಮಷೀನ್ ಆರಿಸೂನು. ಗಂಗಾರಾಮಣ್ಣ ಬರ್ತೀನಿ ಅಂತ ಹೇಳ್ಯಾನ."