ಚದರ ಬಿಟ್ಟ ಮೀಟರು

ಪೆಟ್ಟಿಗೆಯ ಮೇಲ್ಮೈ ವಿಸ್ತೀರ್ಣ ಕಂಡುಹಿಡಿಯುವುದು ನನಗೆ ಕಾಫಿ ಕುಡಿದಷ್ಟು ಸುಲಭ. ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಅದನ್ನೇ ಕಲಿಸಿದವನು ನಾನು. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಪೌಲೋಸಣ್ಣ ತೀರಿಕೊಂಡಾಗ, ಶವಪೆಟ್ಟಿಗೆಯ ಒಳಗೆ ಹೊಡೆಯುವ ಬಿಳಿ ಬಟ್ಟೆಯ ಹೊಣೆಯನ್ನು ಯಾರೂ ಕೇಳದೆಯೇ ವಹಿಸಿಕೊಂಡೆ.

"ಸ್ವಲ್ಪ ಹೆಚ್ಚೇ ತನ್ನಿ," ಎಂದಳು ಹೆಂಡತಿ ಸುಮಿತ್ರಾ.

"ಅಂದಾಜು ಎಂತಕ್ಕೆ ಮಾರಾಯ್ತಿ? ಸೂತ್ರ ಇದೆಯಲ್ಲ!"

ಪೌಲೋಸಣ್ಣನ ಅಂಗಳದಲ್ಲಿ ಬಡಗಿ ಹಲಗೆ ಕೂಡಿಸುತ್ತಿದ್ದ. ಉದ್ದ ಆರಡಿ, ಅಗಲ ಎರಡಡಿ, ಎತ್ತರ ಒಂದೂವರೆ. ಮುಚ್ಚಳವೂ ಸೇರಿ ಆರು ಮುಖ. ನಲವತ್ತೆಂಟು ಚದರಡಿ, ಅಂದರೆ ಸುಮಾರು ನಾಲ್ಕೂವರೆ ಚದರ ಮೀಟರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಂಗಡಿಯ ದಾರಿಯಲ್ಲಿ 'ಚದರ' ಎಂಬ ಪದ ಮಾತ್ರ ಎಲ್ಲೋ ಬಿದ್ದುಹೋಯಿತು!

ಜವಳಿ ಅಂಗಡಿಗೆ ರಜೆ. ಯಜಮಾನರು ಶೃಂಗೇರಿಯ ಮದುವೆಗೆ ಹೊರಟಿದ್ದರು. ಸಾವಿನ ಸುದ್ದಿ ಕೇಳಿ ಶಟರ್ ಎತ್ತಿದರು.

"ಎಷ್ಟು ಮೇಷ್ಟ್ರೆ?"

"ನಾಲ್ಕೂವರೆ ಮೀಟರು."

"ಸಾಕಾ?"

"ಧಾರಾಳ!"

ಅವರು ಕತ್ತರಿಸಿ ಕೊಟ್ಟು, ಶಟರ್ ಎಳೆದು, ಶೃಂಗೇರಿಗೆ ಹೋದರು.

ಬಟ್ಟೆಯ ಪನ್ನ ಒಂದೇ ಗಜ, ಅಂದರೆ ಮೂರಡಿ. ಆ ಅಗಲವನ್ನು ನಾನು ನೋಡಿರಲೇ ಇಲ್ಲ. ಬಡಗಿ ತಳಕ್ಕೆ ಹಾಸಿದಾಗ ಪಕ್ಕದಲ್ಲಿ ಒಂದಡಿ ಅಗಲದ ಪಟ್ಟಿ ಉಳಿಯಿತು. ಎರಡು ಬದಿಗಳಿಗೆ ಹೊಡೆದ. ತಲೆಯ ಕಡೆ, ಕಾಲಿನ ಕಡೆ ಹೊಡೆದ. ಮುಚ್ಚಳದ ಸರದಿ ಬಂದಾಗ ಅವನ ಕೈಯಲ್ಲಿದ್ದದ್ದು ಆ ಪಟ್ಟಿ ಮಾತ್ರ.

"ಮೇಷ್ಟ್ರೆ, ಮುಚ್ಚಳಕ್ಕೆ ಎಂತ ಮಾಡುದು?"

ಯಜಮಾನರ ಮೊಬೈಲಿಗೆ ಫೋನ್ ಮಾಡಿದೆ. ಅವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬ ಹೆಂಗಸು ಬಹಳ ಸ್ಪಷ್ಟವಾಗಿ ಹೇಳಿದಳು. ಪಾದ್ರಿಗಳು ಬರುವ ಹೊತ್ತಾಗಿತ್ತು.

ಅಷ್ಟರಲ್ಲಿ ಪೌಲೋಸಣ್ಣನ ಹೆಂಡತಿ ಮರಿಯಕ್ಕ ಹೊರಗೆ ಬಂದರು. ಬೆಳಗಿನಿಂದ ಅವರು ಗಂಡನ ಪಕ್ಕ ಬಿಟ್ಟು ಎದ್ದಿರಲಿಲ್ಲ. ಬರಿಯ ಮುಚ್ಚಳವನ್ನು ಅಂಗೈಯಿಂದ ಸವರಿದರು.

"ಇದು ಅವರ ಮುಖದ ಎದುರಿಗೆ ಬರುದಲ್ವಾ ಮೇಷ್ಟ್ರೆ? ಇನ್ನು ಅವರು ಈ ಹಲಗೆ ನೋಡ್ತಾ ಮಲಗಬೇಕಾ?"

ಬಡಗಿ ಸುತ್ತಿಗೆಯನ್ನು ಸದ್ದಾಗದಂತೆ ಕೆಳಗಿಟ್ಟ.

ಪಕ್ಕದಲ್ಲಿದ್ದ ಸುಮಿತ್ರಾ ನನ್ನ ಮುಖ ನೋಡಲಿಲ್ಲ. ಸೊಂಟ ನೋಡಿದಳು. ನಾನು ಹೊಸ ಬಿಳಿ ಪಂಚೆ ಉಟ್ಟಿದ್ದೆ; ಮನೆಯಲ್ಲಿದ್ದವೆಲ್ಲ ಹಳೆಯವು, ಕಲೆ ಬಿದ್ದವು.

"ಬಿಚ್ಚಿ," ಎಂದಳು.

"ಇಲ್ಲಿಯಾ?"

"ಒಳಗೆ ಹೋಗಿ ಬಿಚ್ಚಿ ಮಾರಾಯ್ರೆ!"

ಮರಿಯಕ್ಕ ಪೌಲೋಸಣ್ಣನ ಲುಂಗಿಯೊಂದನ್ನು ತಂದುಕೊಟ್ಟರು. "ಒಗೆದದ್ದೇ," ಎಂದರು. ಬಚ್ಚಲುಮನೆಗೆ ಹೋಗಿ ಪಂಚೆ ಬಿಚ್ಚಿ ಬಾಗಿಲ ಸಂದಿಯಿಂದ ಹೊರಗೆ ಕೊಟ್ಟು, ಲುಂಗಿ ಉಟ್ಟುಕೊಂಡೆ. ಹೊರಗೆ ಬಂದಾಗ ಬಡಗಿ ಪಂಚೆಯ ಅಂಚನ್ನು ಒಳಕ್ಕೆ ಮಡಚಿ ಮೊಳೆ ಹೊಡೆಯುತ್ತಿದ್ದ. ಮುಚ್ಚಳ ಪೂರ್ತಿ ಬೆಳ್ಳಗಾಯಿತು. ಮರಿಯಕ್ಕ ಅದನ್ನು ಒಮ್ಮೆ ಮುಟ್ಟಿ ನೋಡಿ ಒಳಗೆ ಹೋದರು.

ಪೌಲೋಸಣ್ಣ ಕುಳ್ಳ. ಲುಂಗಿ ನನ್ನ ಮೊಣಕಾಲಿಗಿಂತ ತುಸು ಕೆಳಗೆ ನಿಂತಿತು. ಪಾದ್ರಿಗಳು ಬಂದೇಬಿಟ್ಟಿದ್ದರಿಂದ ಮನೆಗೆ ಹೋಗಿ ಬದಲಿಸಲು ಹೊತ್ತಿರಲಿಲ್ಲ; ಅದರಲ್ಲೇ ಇಗರ್ಜಿಗೆ ನಡೆದೆ. ಅದರಲ್ಲೇ ಗುಂಡಿಯ ಪಕ್ಕ ನಿಂತೆ. ಬಾಳಗಡಿಯಿಂದ ತಡವಾಗಿ ಬಂದ ನೆಂಟರೊಬ್ಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಮಣ್ಣಿನ ಮೇಲಿದ್ದ ಗುದ್ದಲಿಯನ್ನು ಕೈಗೆ ಕೊಟ್ಟರು.

"ಗುಂಡಿ ತೋಡಿದ್ದು ನೀನಾ ಮಾರಾಯ? ಆಳ ಸರಿ ಉಂಟಾ?"

"ಅಳತೆಯ ವಿಷಯ ನನ್ನ ಹತ್ರ ಕೇಳಬೇಡಿ," ಎಂದು ಗುದ್ದಲಿ ಹಿಡಿದುಕೊಂಡೇ ನಿಂತೆ.