ಹಾಕಿಕೊಂಡರೂ ಹಿಗ್ಗದ ಡ್ರೈವ್ ಸಾಹೇಬರಿಗೆ

ಮಾನ್ಯರೇ,

ರಾಯದುರ್ಗದ ನಮ್ಮ ಜೀನ್ಸ್ ವಾಷಿಂಗ್ ಶೆಡ್ಡಿನ ಗೋಡೆಯ ಮೇಲೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ವಿರಾಜಮಾನರಾಗಿರುವ, ಪ್ಯಾಂಟು ಒಗೆಯುವ ಡ್ರಮ್ಮಿನ ಮೋಟಾರು ಎಷ್ಟು ಜೋರಾಗಿ ತಿರುಗಬೇಕೆಂದು ಅಪ್ಪಣೆ ಕೊಡುವ ವಿ.ಎಫ್.ಡಿ. ಡ್ರೈವ್ ಸಾಹೇಬರ ಸನ್ನಿಧಿಗೆ, ಶೆಡ್ಡಿನ ಮಾಲೀಕ ಯರ್ರಿಸ್ವಾಮಿಯ ಸಾವಿರ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ಕೆಂಪು ದೀಪದಿಂದ ತಿಳಿಯಿತು; ನಾವು ಕ್ಷೇಮವಿಲ್ಲ.

ಮೋಟಾರು ಹತ್ತು ಹೆಚ್.ಪಿ.ಯದು, ತಾವು ಏಳೂವರೆಯವರು ಎಂಬುದು ನಿಜ. ಆದರೆ ಅದು ಅಜ್ಞಾನದ ಆಯ್ಕೆಯಲ್ಲ. ನಮ್ಮ ಕಟಿಂಗ್ ಮಾಸ್ಟರ್ ಚಿತ್ತಪ್ಪನವರು ಅಂಗಡಿಯಲ್ಲಿ ತಮ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಒಂದು ಸೈಜ್ ಬಿಗಿ ಇರ್ಲಿ ಬಿಡ್ರಿ, ನಾಕು ದಿನ ಹಾಕ್ಕೊಂಡ್ರ ತಾನ ಸಡ್ಲಾಗ್ತೈತಿ" ಎಂದು ತೀರ್ಪು ಕೊಟ್ಟರು. ಡೆನಿಮ್ ಬಟ್ಟೆ ಇಂದಿನವರೆಗೂ ಅವರ ಮಾತು ಮೀರಿಲ್ಲ, ತಾವೊಬ್ಬರೇ ಮೀರಿದ್ದೀರಿ. ಖಾಲಿ ಡ್ರಮ್ಮನ್ನು ಮದುಮಗಳಂತೆ ನಯವಾಗಿ ನಡೆಸುವ ತಾವು, ನೆನೆದ ಪ್ಯಾಂಟುಗಳು ಒಳಗೆ ಬಿದ್ದು ಮೋಟಾರು ಏದುಸಿರು ಬಿಡುವಷ್ಟರಲ್ಲಿ ಓವರ್‌ಲೋಡ್ ಎಂದು ತೋರಿಸಿ ಮೌನವ್ರತ ಹಿಡಿಯುತ್ತೀರಿ.

ತಮ್ಮ ಮರ್ಯಾದೆಗೆ ನಾವೇನೂ ಕಡಿಮೆ ಮಾಡಲಿಲ್ಲ. ನಮ್ಮ ಪೇಟೆಯಲ್ಲಿ ಯಾವ ಸೈಜಿನ ಪಟ್ಟಿ ಹೊಲಿದರೆ ಪ್ಯಾಂಟು ಆ ಸೈಜಿನದೇ ಆಗಿಬಿಡುವುದರಿಂದ, ಚಿತ್ತಪ್ಪನವರು ಚರ್ಮದ ಪಟ್ಟಿಯ ಮೇಲೆ ಹತ್ತು ಎಂದು ಹೊಲಿದು ತಮ್ಮ ಎದೆಗೆ ಅಂಟಿಸಿದರು. ಇಷ್ಟು ಬಡ್ತಿ ಸಿಕ್ಕ ಮೇಲೂ ಏಳೂವರೆಗೇ ನಿಷ್ಠರಾಗಿ ಉಳಿದ ತಮ್ಮ ಪ್ರಾಮಾಣಿಕತೆ ನಮ್ಮ ಪೇಟೆಗೆ ಹೊಸದು, ಅದನ್ನು ಸಹಿಸಿ ನಮಗೆ ಅಭ್ಯಾಸವಿಲ್ಲ.

ತಮ್ಮನ್ನು ಮಾರಿದ ಅಂಗಡಿಯ ಓಬುಲೇಶ್ ಬಂದು, ಡ್ರೈವ್ ಆರಿಸುವಾಗ ಮೋಟಾರಿನ ಹೆಸರಿನ ತಗಡಿನ ಮೇಲೆ ಬರೆದಿರುವ ಆಂಪಿಯರ್ ನೋಡಬೇಕು, ತುಂಬಿದ ಡ್ರಮ್ಮು ಶುರುವಿನಲ್ಲಿ ಎಳೆಯುವ ಕರೆಂಟಿಗೂ ಜಾಗ ಬಿಡಬೇಕು, ಇಲ್ಲಿಗೆ ಹದಿನೈದರ ಡ್ರೈವೇ ಸರಿ ಎಂದು ಉಪದೇಶಿಸಿದ. ಬೆಳೆಯುವ ಮಗುವಿಗೆ ಯೂನಿಫಾರಂ ಹೊಲಿಸುವಂತೆ! ನಮ್ಮ ಮೋಟಾರಿನದು ಬೆಳೆಯುವ ವಯಸ್ಸಲ್ಲ.

ಆದರೆ ಒಂದು ಮಾತು ತಮಾಷೆಯಲ್ಲ. ಗುಮ್ಮಘಟ್ಟದ ಸುಜಾತಾ ಮತ್ತು ಅವಳ ಜೊತೆಯವರು ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸ ಬಿಟ್ಟು, ಇನ್ನಾದರೂ ಮಕ್ಕಳ ಹತ್ತಿರ ಇರೋಣವೆಂದು ಈ ಡ್ರಮ್ಮನ್ನು ನಂಬಿ ಬಂದವರು. ಇಂದು ಬೆಳಿಗ್ಗೆ ಆಟೋ ಇಳಿದಾಗ ಅವಳ ಕೈಯಲ್ಲಿ ಊಟದ ಡಬ್ಬಿಯಿರಲಿಲ್ಲ, ಬಟ್ಟೆಯ ಚೀಲವಿತ್ತು. "ಅಣ್ಣಾ, ಡ್ರಮ್ ತಿರುಗ್ತೈತೇನ್ರಿ, ಇಲ್ಲಾ ನಾವು ಬೆಂಗ್ಳೂರು ಬಸ್ ಹತ್ಬೇಕೇನ್ರಿ?" ಎಂದು ಕೇಳಿದಳು. ಆದಕಾರಣ ತಾವು ದಯಮಾಡಿ ಸಂಜೆಯೊಳಗೆ ಎರಡೂವರೆ ಹೆಚ್.ಪಿ.ಯಷ್ಟು ಹಿಗ್ಗಬೇಕು, ಅದಾಗದಿದ್ದರೆ ನೆನೆದ ಪ್ಯಾಂಟುಗಳು ಒಣಗಿದವುಗಳಷ್ಟೇ ತೂಗತಕ್ಕದ್ದೆಂದು ಆಜ್ಞೆಯನ್ನಾದರೂ ಹೊರಡಿಸಬೇಕು.

ತಾಳ್ಮೆ ಇನ್ನೂ ಸ್ವಲ್ಪ ಉಳಿದಿರುವ,
ತಮ್ಮ ವಿಶ್ವಾಸಿ
ಯರ್ರಿಸ್ವಾಮಿ

ತಾ.ಕ.: ಸಂಜೆಯವರೆಗೂ ಕಾದೆ, ತಾವು ಹಿಗ್ಗಲಿಲ್ಲ, ಓಬುಲೇಶನಿಗೆ ಫೋನ್ ಮಾಡಬೇಕಾಯಿತು. ಹದಿನೈದರವರು ಬಂದು ತುಂಬಿದ ಡ್ರಮ್ಮನ್ನು ಚಕಾರವೆತ್ತದೆ ತಿರುಗಿಸುತ್ತಿದ್ದಾರೆ, ಮರುದಿನ ಸುಜಾತಾ ಊಟದ ಡಬ್ಬಿ ಹಿಡಿದೇ ಆಟೋ ಇಳಿದಳು. ತಮ್ಮನ್ನು ನೀರು ಹಿಂಡುವ ಯಂತ್ರದ ಐದರ ಮೋಟಾರಿಗೆ ವರ್ಗ ಮಾಡಿದ್ದೇವೆ. ಅಲ್ಲಿ ತಾವು ಸಡಿಲವಾಗುತ್ತೀರೆಂದು ಚಿತ್ತಪ್ಪನವರಿಗೆ ಚಿಂತೆ. ಬಿಸಿನೀರಿನಲ್ಲಿ ಒಮ್ಮೆ ಒಗೆದರೆ ಕುಗ್ಗಿ ಸರಿಹೋಗುತ್ತೀರಂತೆ. ಬಕೆಟ್ ಹಿಡಿದು ತಮ್ಮ ಕಡೆಗೇ ಬರುತ್ತಿದ್ದಾರೆ.